ಮುಖ್ಯ ಅತಿಥಿಗಳ ಗೋಲು

ಹಾಸನ ಜಿಲ್ಲೆಯ ಕೊಡುಗೆ ಏನು ಎಂದು ಭಾಷಣ ಮಾಡುವವರು ಬೇಲೂರಿನ ಶಿಲ್ಪದಿಂದ ಶುರುಮಾಡಿ ಆಲೂಗಡ್ಡೆಯವರೆಗೆ ಬಂದು ನಿಲ್ಲುತ್ತಾರೆ. ನಮ್ಮ ಮನೋಹರನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಿದರೆ ವೇದಿಕೆಯ ಮೇಲೆ ಕೂತವರಲ್ಲಿ ಅರ್ಧ ಜನರ ಬಂಡವಾಳ ಬಯಲಾಗುತ್ತದೆ. ನನಗೆ ಆ ಭಯವಿಲ್ಲ. ಪಿಂಚಣಿ ಬ್ಯಾಂಕಿಗೆ ಬಂದು ಬೀಳುತ್ತಿದೆ, ಇನ್ನು ಯಾರ ಹಂಗು?

ನಾನು ಸಂಪತ್ಕುಮಾರ. ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ನಮ್ಮ ಮನೆತನದಲ್ಲಿ ಎಲ್ಲರೂ ಪೂಜೆ, ಪಾಠ ಎಂದು ಕೂತು ತಿಂದವರೇ. ಓಡಿ ತಿಂದವನು ನಾನೊಬ್ಬ. ಸೀಟಿ ಊದುವುದಕ್ಕೂ ಸರ್ಕಾರ ಸಂಬಳ ಕೊಡುತ್ತದೆ ಎಂಬುದನ್ನು ನಮ್ಮ ಸೋದರತ್ತೆ ಕೊನೆಯವರೆಗೂ ನಂಬಲಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ಯಾವುದೋ ಯೋಜನೆಯ ಹೆಸರಿನಲ್ಲಿ ನಮ್ಮ ಶಾಲೆಗೆ ಒಂದು ಫುಟ್‌ಬಾಲು ಬಂತು. ಚೆಂಡು ಬಂತು, ಗಾಳಿ ತುಂಬುವ ಪಂಪು ಬರಲಿಲ್ಲ. ಹೆಡ್‌ಮಾಸ್ಟರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಸರ್ಕಾರದ ಆಸ್ತಿ, ಒದ್ದರೆ ಸವೆಯುತ್ತದೆ, ಆಮೇಲೆ ಆಡಿಟ್‌ನವರಿಗೆ ಉತ್ತರ ಹೇಳುವವರು ಯಾರು ಎಂಬುದು ಅವರ ವಾದ. ಒದೆಯುವುದಕ್ಕೇ ಅಲ್ಲವೇ ಸ್ವಾಮಿ ಅದು ಇರುವುದು ಎಂದು ಸ್ಟಾಫ್ ರೂಮಿನಲ್ಲಿ ಕೂಗಾಡಿ, ಚೆಂಡನ್ನು ಈಚೆಗೆ ತೆಗೆಸಿ, ಸೈಕಲ್ ಶಾಪಿನಲ್ಲಿ ಗಾಳಿ ಹೊಡೆಸಿಕೊಂಡು ಬಂದೆ. ಹುಡುಗರೆಲ್ಲ ಮುಗಿಬಿದ್ದು ಒದ್ದರು. ಒಬ್ಬ ಮಾತ್ರ ಸುಮ್ಮನೆ ಒಂದು ಕಡೆ ನಿಂತಿದ್ದ. ಚೆಂಡು ತಾನಾಗಿ ಅವನ ಹತ್ತಿರ ಬಂತು. ಅವನು ಹೆಬ್ಬೆರಳ ತುದಿ ತಾಗಿಸಿದ. ಅದು ಗೋಲೆಂದು ಇಟ್ಟಿದ್ದ ಎರಡು ಇಟ್ಟಿಗೆಯ ನಡುವೆ ನುಸುಳಿಹೋಯಿತು. ಮತ್ತೆ ಒದ್ದರು, ಮತ್ತೆ ಹಾಗೇ ಆಯಿತು. ಚೆಂಡು ಎಲ್ಲಿಗೆ ಬರುತ್ತದೆಂದು ಆ ಹುಡುಗನಿಗೆ ಮೊದಲೇ ಗೊತ್ತಾಗುತ್ತಿತ್ತು.

ಅವನೇ ಮನೋಹರ, ಹಳೇಕೋಟೆಯವನು. ಅಪ್ಪ ಲಕ್ಕಯ್ಯ, ಅವ್ವ ಬೆಟ್ಟಮ್ಮ ಇಬ್ಬರೂ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡುವವರು. ಪಿಯುಸಿ ಮುಗಿಯುವ ಹೊತ್ತಿಗೆ ಹುಡುಗ ಜಿಲ್ಲಾ ತಂಡದ ಫಾರ್ವರ್ಡ್ ಆಗಿದ್ದ. ಅವನಿಗೆ ಬೇಕಾದದ್ದು ಒಂದೇ. ಬೆಂಗಳೂರಿನ ದೊಡ್ಡ ಆಫೀಸುಗಳು ಆಗ ಫುಟ್‌ಬಾಲ್ ತಂಡಗಳನ್ನು ಸಾಕುತ್ತಿದ್ದವು. ಚೆನ್ನಾಗಿ ಗೋಲು ಹೊಡೆಯುವವನಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಕೊಡುತ್ತಿದ್ದವು. ಬೆಳಿಗ್ಗೆ ಆಟ, ಮಧ್ಯಾಹ್ನ ಹಾಜರಿ, ತಿಂಗಳಿಗೆ ಸಂಬಳ. ಅಂಥ ಒಂದು ತಂಡಕ್ಕೆ ಫಾರ್ವರ್ಡ್ ಆಗಬೇಕು ಎಂದು ಅವನು ಕನಸಿನಲ್ಲೂ ಕನವರಿಸುತ್ತಿದ್ದ. ಅದಕ್ಕೆ ವಯಸ್ಸಿನ ಮಿತಿ ಇತ್ತು. ಅದು ಮೀರುವುದರೊಳಗೆ ಬೆಂಗಳೂರಿನವರು ಯಾರಾದರೂ ಬಂದು, ಅವನು ಗೋಲು ಹೊಡೆಯುವುದನ್ನು ಕಣ್ಣಾರೆ ನೋಡಬೇಕಿತ್ತು.

ಅಷ್ಟರಲ್ಲಿ ಕೆಂಪಣ್ಣನವರು ಗಂಟುಬಿದ್ದರು.

ಕೆಂಪಣ್ಣನವರು ನಮ್ಮೂರಿನ ರೈಸ್‌ಮಿಲ್ ಮಾಲೀಕರು. ತಂದೆಯ ಹೆಸರಿನಲ್ಲಿ ಒಂದು ಕಪ್ಪು ಇಟ್ಟು ಫುಟ್‌ಬಾಲ್ ಟೂರ್ನಮೆಂಟ್ ಮಾಡಿಸಿದರು. ಕಬಡ್ಡಿಯ ಉದ್ಘಾಟನೆಯಾದರೆ ದೀಪ ಹಚ್ಚಿದರೆ ಮುಗಿಯಿತು. ಫುಟ್‌ಬಾಲಿಗೆ ಹಾಗಲ್ಲ, ಮುಖ್ಯ ಅತಿಥಿಗಳೇ ಒಂದು ಗೋಲು ಹೊಡೆಯಬೇಕು. ಪೆನಾಲ್ಟಿ ಜಾಗದಲ್ಲಿ ಚೆಂಡಿಡುತ್ತಾರೆ, ಅತಿಥಿಗಳು ಒದೆಯುತ್ತಾರೆ, ಗೋಲ್‌ಕೀಪರ್ ಮರ್ಯಾದೆಯಿಂದ ಇನ್ನೊಂದು ಕಡೆಗೆ ಬೀಳುತ್ತಾನೆ, ಪಟಾಕಿ ಹಚ್ಚುತ್ತಾರೆ. ಅಂದು ಕೆಂಪಣ್ಣನವರು ಪಂಚೆ ಎತ್ತಿಕಟ್ಟಿ, ದೂರದಿಂದ ಓಡಿಬಂದು ಒದ್ದರು. ಗೋಲ್‌ಕೀಪರ್ ಪದ್ಧತಿಯಂತೆ ಎಡಕ್ಕೆ ಬಿದ್ದ. ಚೆಂಡು ಮಾತ್ರ ಪದ್ಧತಿ ಬಿಟ್ಟು ಶಾಮಿಯಾನದ ಕಡೆ ಹೊರಟಿತು. ಗೋಲ್ ಕಂಬದ ಪಕ್ಕ ತಂಡದ ಸಾಲಿನಲ್ಲಿ ನಿಂತಿದ್ದ ಮನೋಹರ ಅರ್ಧ ಹೆಜ್ಜೆ ಈಚೆಗೆ ಬಂದು ಹೆಬ್ಬೆರಳ ತುದಿ ತಾಗಿಸಿದ. ಚೆಂಡು ಹೊರಳಿ ಒಳಗೆ ಹೋಯಿತು. ಮಾನ್ಯ ಕೆಂಪಣ್ಣನವರಿಂದ ಅಮೋಘ ಗೋಲು ಎಂದು ಮೈಕಿನವನು ಗಂಟಲು ಹರಿದುಕೊಂಡ.

ಸಂಜೆಯವರೆಗೂ ಕೆಂಪಣ್ಣನವರು ಅದು ತಮ್ಮದೇ ಗೋಲು ಎಂದು ನಂಬಿದ್ದರು. ಆಮೇಲೆ ಯಾರೋ ಪುಣ್ಯಾತ್ಮರು ನಿಜ ಹೇಳಿದರು. ಬೇರೆಯವರಾಗಿದ್ದರೆ ನಾಚಿಕೊಂಡು ಮಿಲ್ಲಿನೊಳಗೆ ಸೇರಿಕೊಳ್ಳುತ್ತಿದ್ದರು. ಇವರು ಹುಡುಗನನ್ನೇ ಮಿಲ್ಲಿಗೆ ಕರೆಸಿದರು. ಜೊತೆಗೆ ನಾನೂ ಹೋಗಿದ್ದೆ.

"ಅದೇನ್ಲಾ ಮಾಡ್ದೆ?" ಎಂದರು ಕೆಂಪಣ್ಣನವರು.

"ಮುಟ್ಟಿಸ್ದೆ ಅಷ್ಟೇಯ ಸಾ," ಎಂದ ಮನೋಹರ.

"ಬರೋ ವಾರ ಚನ್ನರಾಯಪಟ್ಣದಾಗೂ ನಂದೇ ಉದ್ಘಾಟ್ನೆ ಐತೆ, ನೀನೂ ಬಾ. ಬೆಂಗ್ಳೂರ್ನಾಗೆ ನಮ್ಮೋರವ್ರೆ. ನಿನ್ ಕೆಲ್ಸದ ಇಚಾರ ನಾನು ಏಳ್ತೀನಿ."

ಹೀಗೆ ಮನೋಹರನ ವೃತ್ತಿಜೀವನ ಶುರುವಾಯಿತು. ಚನ್ನರಾಯಪಟ್ಟಣದಲ್ಲಿ ಮುಟ್ಟಿಸಿದ, ಅರಕಲಗೂಡಿನಲ್ಲಿ ಮುಟ್ಟಿಸಿದ, ಮಲ್ಲಿಪಟ್ಟಣದ ಯುವಕ ಸಂಘದವರು ಕರೆದಾಗ ಅಲ್ಲಿಗೂ ಹೋಗಿ ಮುಟ್ಟಿಸಿ ಬಂದ. ಸುದ್ದಿ ಮುಖ್ಯ ಅತಿಥಿಗಳ ಕುಲದಲ್ಲೆಲ್ಲ ಹರಡಿತು. ಸೊಸೈಟಿ ಅಧ್ಯಕ್ಷರು, ಕಂಟ್ರಾಕ್ಟರುಗಳು, ಸಾಹೇಬರುಗಳು ಆಹ್ವಾನ ಕೊಡಲು ಬಂದವರನ್ನು ಮೊದಲು ಕೇಳುತ್ತಿದ್ದದ್ದು ಆ ಹುಡುಗ ಬರುತ್ತಾನೋ ಇಲ್ಲವೋ ಎಂದು. ಬೂಟಿನವರು ಒದ್ದರೆ ಚೆಂಡು ಮೇಲಕ್ಕೆ ಹೋಗುತ್ತದೆ, ಚಪ್ಪಲಿಯವರು ಒದ್ದರೆ ಚೆಂಡಿಗಿಂತ ಮುಂಚೆ ಚಪ್ಪಲಿ ಹೋಗುತ್ತದೆ, ಅದನ್ನು ನೋಡಿಕೊಂಡು ನಿಲ್ಲಬೇಕು ಎಂದು ಅವನು ನನಗೇ ಪಾಠ ಹೇಳಿದ. ಅರಕಲಗೂಡಿನ ಮಹಿಳಾ ಸಮಾಜದ ಕಮಲಾಕ್ಷಮ್ಮನವರೊಬ್ಬರು ಮಾತ್ರ, ನೀನು ಪಕ್ಕಕ್ಕೆ ನಿಂತ್ಕೊ ಮಗು ಎಂದು ಹೇಳಿ, ನಿರಿಗೆ ಸರಿಮಾಡಿಕೊಂಡು, ನೆಟ್ಟಗೆ ಒಳಕ್ಕೆ ಒದ್ದರಂತೆ. ಅವರನ್ನು ಮತ್ತೆ ಯಾವ ಉದ್ಘಾಟನೆಗೂ ಕರೆಯಲಿಲ್ಲ.

ಇದಕ್ಕೆ ಸಂಭಾವನೆ ಎಂದರೆ ಬಸ್‌ ಚಾರ್ಜು, ಊಟ, ಅತಿಥಿಗಳಿಗೆ ಹೊದಿಸಿ ಮಿಕ್ಕಿದ್ದರೆ ಒಂದು ಶಾಲು. ಕಾಲಿಗೆ ಕೂಲಿ ಪಡೆದವನನ್ನೇ ವೃತ್ತಿಪರ ಆಟಗಾರ ಎನ್ನುವುದಾದರೆ ನಮ್ಮ ತಾಲ್ಲೂಕಿನ ವೃತ್ತಿಪರ ಸ್ಟ್ರೈಕರ್ ಅವನೊಬ್ಬನೇ. ಬೆಟ್ಟಮ್ಮ ಆ ಶಾಲುಗಳನ್ನು ಹೊದ್ದುಕೊಂಡೇ ನಾಟಿಗೆ ಹೋಗುತ್ತಿದ್ದರು. ಮಗನ ಆಟದ ಬಗ್ಗೆ ಆಕೆಗೆ ಹೆಚ್ಚೇನೂ ತಿಳಿಯದು. ದೊಡ್ಡವರು ಬಾಲು ಒದೆಯುತ್ತಾರೆ, ತನ್ನ ಮಗ ಮುಟ್ಟಿಸುತ್ತಾನೆ, ಆಗ ಅದು ಗೋಲು ಆಗುತ್ತದೆ, ಫುಟ್‌ಬಾಲು ಎಂದರೆ ಇಷ್ಟೇ ಎಂದು ತಿಳಿದಿದ್ದರು. ಒಂದು ಸಲ ಅರಕಲಗೂಡಿನಲ್ಲಿ ಅತಿಥಿಗಳೆಲ್ಲ ಶಾಮಿಯಾನದೊಳಗೆ ಉಂಡರು, ಮುಟ್ಟಿಸಿದವನನ್ನು ಎಲ್ಲರೂ ಮರೆತರು, ಹುಡುಗ ಹಸಿದುಕೊಂಡು ಊರಿಗೆ ಬಂದ. ಮಾರನೆಯ ದಿನ ಬೆಟ್ಟಮ್ಮ ಶಾಲೆಯವರೆಗೂ ನಡೆದು ಬಂದು ನನಗೆ ಮಂಗಳಾರತಿ ಎತ್ತಿದರು.

"ಗೋಲು ಅವ್ರದ್ದೇ ಆಗ್ಲಿ ಸಾ, ನಾವೇನ್ ಕೇಳಿದ್ವಾ? ಮುಟ್ಟಿಸ್ದೋನ್ಗೆ ಒಂದೆಲೆ ಊಟ ಆಕ್ಬಾರ್ದಾ?"

ನಾನು ಆ ಸಿಟ್ಟನ್ನೆಲ್ಲ ಮಗನ ಮೇಲೆ ತೀರಿಸಿಕೊಂಡೆ. ನೀನು ಆಟಗಾರನೋ, ಇವರ ಮನೆ ಪುರೋಹಿತನೋ ಎಂದು ಬೈದೆ. ಕೆಂಪಣ್ಣನವರು ಬೆಂಗಳೂರಿಗೆ ಹೇಳುತ್ತಾರೆ ಎಂದು ಅವನು ಅದೇ ರಾಗ ಹಾಡಿದ. ಕೆಂಪಣ್ಣನವರು ನಾಳೆ ಫೋನ್ ಮಾಡುತ್ತೇನೆ ಎನ್ನುತ್ತಲೇ ಇದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ; ಇಲ್ಲಿ ಪೂಜಾರಿಯ ಕೆಲಸವನ್ನೂ ಹುಡುಗನ ಕೈಲೇ ಮಾಡಿಸಿಕೊಂಡು ವರವನ್ನು ಮಾತ್ರ ಮುಂದಕ್ಕೆ ಹಾಕುತ್ತಿದ್ದರು. ವಯಸ್ಸಿನ ಮಿತಿ ಹತ್ತಿರ ಬರುತ್ತಿತ್ತು. ಕೊನೆಗೆ ತಡೆಯಲಾರದೆ ನಾನೇ ಬೆಂಗಳೂರಿಗೆ ಹೋಗಿ, ಒಂದು ಆಫೀಸು ತಂಡದ ಕೋಚ್ ಚೆನ್ನಯ್ಯ ಎಂಬುವವರ ಕೈಕಾಲು ಹಿಡಿದು, ಹಾಸನದ ಜಿಲ್ಲಾ ಟೂರ್ನಮೆಂಟಿನ ಫೈನಲ್ ನೋಡಲು ಒಪ್ಪಿಸಿದೆ.

ತೊಂಬತ್ತೊಂಬತ್ತನೇ ಇಸವಿಯ ಫೈನಲ್ ಅದು. ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ಆಟ. ಮುಖ್ಯ ಅತಿಥಿಗಳು, ಬೇರೆ ಯಾರು, ನಮ್ಮ ಕೆಂಪಣ್ಣನವರೇ. ಅವರು ಬರುವುದು ತಡವಾಯಿತು. ಬೆಳಕು ಹೋಗುತ್ತದೆಂದು ಉದ್ಘಾಟನೆ ಇಲ್ಲದೆಯೇ ಆಟ ಶುರುಮಾಡಿದರು. ನನಗೆ ಒಳಗೊಳಗೇ ಖುಷಿ. ಇವತ್ತು ನಮ್ಮ ಹುಡುಗ ಯಾರಿಗೂ ಮುಟ್ಟಿಸಬೇಕಾಗಿಲ್ಲ, ತನಗಾಗಿ ಆಡಬಹುದು. ಆಡಿದ ಕೂಡ. ಆದರೆ ಗೋಲು ಆಗಲಿಲ್ಲ. ಆಟ ಮುಗಿಯುತ್ತಾ ಬಂದಾಗ ಅವನು ಗೋಲಿನ ಮುಂದೆ ಚೆಂಡು ಹಿಡಿದು ನುಗ್ಗಿದ, ಚನ್ನರಾಯಪಟ್ಟಣದವನೊಬ್ಬ ಕಾಲು ಕೊಟ್ಟು ಕೆಡವಿದ. ರೆಫರಿ ಪೆನಾಲ್ಟಿ ಕೊಟ್ಟರು. ಚೆನ್ನಯ್ಯನವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಮನೋಹರ ಮೊಣಕೈಗೆ ಹತ್ತಿದ್ದ ಮಣ್ಣು ಒರೆಸಿಕೊಂಡು ಚೆಂಡಿಟ್ಟ.

ಆಗ ಬಂತು ಕೆಂಪಣ್ಣನವರ ಜೀಪು.

ಉದ್ಘಾಟನೆ ಬಾಕಿ ಇದೆಯಲ್ಲ ಎಂದು ಟೂರ್ನಮೆಂಟಿನ ಕಾರ್ಯದರ್ಶಿಗಳಿಗೆ ನೆನಪಾಯಿತು. ಉದ್ಘಾಟನೆಯೇ ಆಗದೆ ಆಟ ಮುಗಿದುಹೋದರೆ ಕಪ್ಪು ಕೊಡುವುದು ಹೇಗೆ? ಚೆಂಡು ಹೇಗೂ ಪೆನಾಲ್ಟಿ ಜಾಗದಲ್ಲಿದೆ, ಅತಿಥಿಗಳು ಒದ್ದುಬಿಡಲಿ, ಎರಡೂ ಕೆಲಸ ಒಟ್ಟಿಗೆ ಆಗುತ್ತದೆ ಎಂದರು. ಆಟಗಾರರಲ್ಲದವರು ಪೆನಾಲ್ಟಿ ಒದೆಯುವುದು ಯಾವ ಕಾನೂನು ಎಂದು ನಾನು ಮೈದಾನದ ನಡುವೆ ಹೋಗಿ ಅರಚಾಡಿದೆ. ಕೆಂಪಣ್ಣನವರನ್ನು ನಿಂತ ನಿಲುವಿನಲ್ಲೇ ನಮ್ಮ ತಂಡದ ಬದಲಿ ಆಟಗಾರನನ್ನಾಗಿ ಮಾಡಿದರು. ಚನ್ನರಾಯಪಟ್ಟಣದವರು ತಕರಾರೇ ಎತ್ತಲಿಲ್ಲ. ಯಾಕೆ ಎತ್ತುತ್ತಾರೆ? ಕೆಂಪಣ್ಣನವರ ಒದೆ ಅವರಿಗೆ ಗೊತ್ತಿಲ್ಲವೇ? ನನ್ನ ಮೈಯೆಲ್ಲ ಉರಿದುಹೋಯಿತು. ಮನೋಹರ ನನ್ನ ಮುಖ ನೋಡಲಿಲ್ಲ. ಚೆಂಡು ಬಿಟ್ಟು ಹಿಂದಕ್ಕೆ ಸರಿದು, ಉಳಿದ ಆಟಗಾರರ ಸಾಲಿನಲ್ಲಿ ಹೋಗಿ ನಿಂತ.

ಕೆಂಪಣ್ಣನವರು ಒದ್ದರು. ಗೋಲ್‌ಕೀಪರ್ ಅಭ್ಯಾಸಬಲದಿಂದ ಬಿದ್ದ. ಚೆಂಡು ಉರುಳಿಕೊಂಡು ಮೂಲೆಯ ಬಾವುಟದ ಕಡೆ ಹೋಯಿತು. ಅಷ್ಟು ಕೆಟ್ಟದಾಗಿ ಅವರು ಹಿಂದೆಂದೂ ಒದ್ದಿರಲಿಲ್ಲ. ಮನೋಹರ ಓಡಿದ. ಗೆರೆ ದಾಟುವ ಚೆಂಡನ್ನು ಬೆನ್ನು ತಿರುಗಿಸಿಕೊಂಡೇ ಹೆಬ್ಬೆರಳಿಂದ ಎಳೆದ, ಎದ್ದು ಬಂದ ಗೋಲ್‌ಕೀಪರನ ತಲೆಯ ಮೇಲಿಂದ ಹಾಯಿಸಿ ಒಳಗೆ ಹಾಕಿದ. ನಾನು ಜನ್ಮದಲ್ಲಿ ಅಂಥ ಗೋಲು ನೋಡಿಲ್ಲ, ಇನ್ನು ನೋಡುವುದೂ ಇಲ್ಲ. ಮೈಕಿನವನು ಕೆಂಪಣ್ಣನವರ ವಿಜಯದ ಗೋಲು ಎಂದು ಕೂಗಿದ. ಜನ ಕೆಂಪಣ್ಣನವರನ್ನು ಹೆಗಲ ಮೇಲೆ ಹೊತ್ತುಕೊಂಡು ಕುಣಿದರು.

ಚೆನ್ನಯ್ಯನವರು ಮಾತ್ರ ನೇರ ಮನೋಹರನ ಹತ್ತಿರ ಬಂದು, "ನಾನು ನೋಡ್ದೆ ಕಣಪ್ಪ," ಎಂದರು. ತಿಂಗಳೊಳಗೆ ನೇಮಕವಾಯಿತು. ನನಗೆ ಅಳುವೇ ಬಂದುಬಿಟ್ಟಿತು. ಲಕ್ಕಯ್ಯ ಇಡೀ ಕೇರಿಗೆ ಬೆಲ್ಲ ಹಂಚಿದರು.

ಚೆನ್ನಯ್ಯನವರು ನೋಡಿದ್ದು ಏನನ್ನು ಎಂಬುದು ಬೆಂಗಳೂರಿಗೆ ಹೋದ ಮೊದಲ ದಿನವೇ ಗೊತ್ತಾಯಿತು. ಆ ಆಫೀಸಿನ ದೊಡ್ಡ ಸಾಹೇಬರಿಗೆ ಫುಟ್‌ಬಾಲಿನ ಹುಚ್ಚು. ಪ್ರತಿ ಭಾನುವಾರ ಬಿಳಿ ಚಡ್ಡಿ ಹಾಕಿಕೊಂಡು ಆಡಲು ಬರುತ್ತಿದ್ದರು, ಒಂದು ಗೋಲೂ ಆಗುತ್ತಿರಲಿಲ್ಲ, ಸೋಮವಾರ ಆಫೀಸಿನಲ್ಲಿ ಎಲ್ಲರ ಮೇಲೆ ಹರಿಹಾಯುತ್ತಿದ್ದರು. ಚೆನ್ನಯ್ಯನವರು ಅಂಥ ಹೆಬ್ಬೆರಳಿಗಾಗಿ ವರ್ಷಗಟ್ಟಲೆ ಹುಡುಕುತ್ತಿದ್ದರಂತೆ. ಮನೋಹರ ಸೇರಿದ ಭಾನುವಾರವೇ ಸಾಹೇಬರು ಗೋಲು ಹೊಡೆದರು. ಆಮೇಲೆ ಹೊಡೆಯುತ್ತಲೇ ಇದ್ದರು. ಲೀಗ್ ಪಂದ್ಯಗಳಲ್ಲಿ ಮಾತ್ರ ಮನೋಹರನನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದರು. ಅಲ್ಲಿ ಅವನ ಕಾಲಿಗೆ ಏನಾದರೂ ಆದರೆ ಭಾನುವಾರ ಸಾಹೇಬರ ಗತಿ ಏನು? ಆ ಸಾಹೇಬರು ನಿವೃತ್ತರಾದರು, ಇನ್ನೊಬ್ಬರು ಬಂದರು, ಅವರಿಗೂ ಅದೇ ಕಾಯಿಲೆ. ಇದನ್ನೆಲ್ಲ ಅವನು ನಮ್ಮ ಮನೆ ಜಗುಲಿಯಲ್ಲಿ ಕೂತು ನಗುನಗುತ್ತಾ ಹೇಳಿದ. ನಾನು ಕಾಫಿ ಲೋಟ ಕುಕ್ಕಿದೆ.

"ಬುಡಿ ಸಾ, ಕೆಲ್ಸ ಪರ್ಮನೆಂಟಾಯ್ತಲ್ಲ," ಎಂದು ಅವನೇ ನನ್ನನ್ನು ಸಮಾಧಾನ ಮಾಡಿದ.

ಎರಡು ಸಾವಿರದ ಏಳರಲ್ಲಿ ನಾನು ನಿವೃತ್ತನಾದೆ. ಕೊನೆಯ ಕ್ರೀಡಾಕೂಟಕ್ಕೆ ಮುಖ್ಯ ಅತಿಥಿ ಯಾರೆಂದು ನಾನೇ ಹೇಳುತ್ತೇನೆ ಎಂದು ಹಠ ಹಿಡಿದು ಮನೋಹರನನ್ನು ಕರೆಸಿದೆ. ಲಕ್ಕಯ್ಯ, ಬೆಟ್ಟಮ್ಮ ಇಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದೆ. ಮನೋಹರ ಇಸ್ತ್ರಿ ಪ್ಯಾಂಟಿನಲ್ಲಿ ಮೈದಾನಕ್ಕೆ ಇಳಿದ. ಕಂಬದ ಪಕ್ಕ ನಿಂತಿದ್ದ ಹುಡುಗರನ್ನೆಲ್ಲ ದೂರ ಕಳಿಸಿದ. ಚೆಂಡನ್ನು ಇನ್ನೂ ಹಿಂದಕ್ಕೆ ತಂದಿಟ್ಟ. ಗೋಲ್‌ಕೀಪರನ ಹತ್ತಿರ ಹೋಗಿ, "ಬೀಳ್‌ಬ್ಯಾಡ ಕಣ್ಲಾ. ನಿಜ್ವಾಗ್ಲೂ ತಡಿ," ಎಂದ.

ಆಮೇಲೆ ಒದ್ದ. ಗೋಲ್‌ಕೀಪರ್ ಪ್ರಾಣದ ಹಂಗು ತೊರೆದು ಹಾರಿದ, ಕೈಗೆ ಸಿಗಲಿಲ್ಲ. ಚೆಂಡು ಮೇಲಿನ ಮೂಲೆಯಲ್ಲಿ ಬಲೆಗೆ ಬಡಿಯಿತು. ಮನೋಹರನ ಹೆಸರನ್ನು ಮೈಕಿನಲ್ಲಿ ಗೋಲಿನ ಜೊತೆ ಸೇರಿಸಿ ಕೂಗಿದ್ದನ್ನು ನಾನು ಕೇಳಿದ್ದು ಅಂದೇ ಮೊದಲು. ನಾನು ಹುಚ್ಚನ ಹಾಗೆ ಸೀಟಿ ಊದಿದೆ.

ಊಟಕ್ಕೆ ಎಲೆ ಹಾಕಿದರು. ಬೆಟ್ಟಮ್ಮ ಕೂರಲಿಲ್ಲ. ಒಂದು ಎಲೆಯನ್ನು ಹಿಡಿದಿಟ್ಟುಕೊಂಡು, ಯಾರನ್ನೂ ಅಲ್ಲಿ ಕೂರಗೊಡದೆ, ಅತ್ತ ಇತ್ತ ಹುಡುಕುತ್ತಿದ್ದರು. ನನ್ನನ್ನು ಕಂಡು ಹತ್ತಿರ ಬಂದರು.

"ಸಾ, ಆ ಉಡ್ಗ ಎಲ್ಲಿ? ಮುಟ್ಟಿಸ್ದೋನು?"

ಯಾರೂ ಮುಟ್ಟಿಸಲಿಲ್ಲ ಬೆಟ್ಟಮ್ಮ, ನಿಮ್ಮ ಮಗನೇ ಹೊಡೆದದ್ದು, ಅದು ಅವನ ಸ್ವಂತ ಗೋಲು ಎಂದೆ. ಆಣೆ ಇಟ್ಟೆ. ಪಾಪ ಮೇಷ್ಟ್ರು, ಇವರೂ ಹೀಗೆ ಆದರಲ್ಲ ಎನ್ನುವಂತೆ ನನ್ನನ್ನು ನೋಡಿದರು.

"ಗೋಲು ನಮ್ಮೋನ್ದೇ ಅಂತ ಮೈಕ್ನಾಗೆ ಅಂದ್ರಲ್ಲ, ಸಂತೋಸ ಬುಡಿ. ಆದ್ರೆ ಮುಟ್ಟಿಸ್ದೋನು ಯಾರ್ ಎತ್ತ ಮಗನೋ, ಅಸ್ಕೊಂಡು ಓಗ್ಬಾರ್ದು ಸಾ."

ಅತಿಥಿಗಳ ಮೇಜಿನಲ್ಲಿ ಕೂತಿದ್ದ ಮನೋಹರನಿಗೆ ಇದು ಕೇಳಿಸಿತು. ಎದ್ದು ಬಂದ. ಹೊದಿಸಿದ್ದ ಶಾಲನ್ನು ಅವ್ವನ ಹೆಗಲಿಗೆ ಹಾಕಿ ಆ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

"ಮುಟ್ಟಿಸ್ದೋನು ನಾನೇ ಕಣವ್ವ. ಬಡ್ಸು."

ಬೆಟ್ಟಮ್ಮನ ಮುಖ ತಿಳಿಯಾಯಿತು. ಮಗನ ಎಲೆಗೆ ಕೈತುಂಬ ಅನ್ನ ಹಾಕಿದರು.

"ಅಂಗನ್ನು ಮತ್ತೆ. ಅಂಗಾರೆ ಗೋಲು ಯಾರ್ದ್ಲಾ?"

"ಯಾರೋ ದೊಡ್ಡೋರ್ದು ಕಣವ್ವ," ಎಂದ ಮನೋಹರ. "ಸಾರು ಬುಡು."