ಚರಗದ ಹಿಂದೆ ಬಂದ ನೀರು

ದೆವ್ವ, ಗಾಳಿ, ಸೋಂಕು ಎಂಬ ಮಾತು ಬಂದರೆ ನಗುವವರ ಸಾಲಿನಲ್ಲಿ ನಾನು ಯಾವಾಗಲೂ ಮುಂದೆ ಕೂಡುತ್ತಿದ್ದವನು. ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಕುಣಿಗೆ ಇಳಿಯದೆ, ಮುಲ್ಕಿ ಪರೀಕ್ಷೆ ಪಾಸು ಮಾಡಿ ಸಂಸ್ಥಾನದ ಒಂದು ಸಾಲೆಯಲ್ಲಿ ಮಾಸ್ತರನಾದ ಹುಡುಗನಿಗೆ ಎಷ್ಟು ಸೊಕ್ಕಿರಬೇಕೋ ಅಷ್ಟೂ ನನಗಿತ್ತು. ಯಾರಾದರೂ ಹುಣಸೆಮರದ ಕೆಳಗೆ ಏನೋ ಕಂಡೆ ಎಂದರೆ, ಎಷ್ಟು ಹೊತ್ತಾಗಿತ್ತು, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು, ಹೊಟ್ಟೆಗೆ ಏನು ತಿಂದಿದ್ದಿ ಎಂದು ಕೇಳಿ ಕೇಳಿ ಪಾಪ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನು ಬರೆಯುವುದನ್ನು ನೀವು ನಂಬಲೇಬೇಕೆಂದು ಹೇಳುವುದಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ. ಆದರೆ ಕೇಳಿದ್ದನ್ನು ಕೇಳಲಿಲ್ಲ ಎಂದು ಒಮ್ಮೆ ಸುಳ್ಳು ಹೇಳಿದ್ದೇನೆ. ಇನ್ನೊಮ್ಮೆ ಹೇಳುವ ಮನಸ್ಸಿಲ್ಲ.

ಆಗ ನನಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಮದುವೆಯಾಗಿರಲಿಲ್ಲ. ನಮ್ಮ ಮನೆ ಬನಹಟ್ಟಿಯಲ್ಲಿ. ಒಬ್ಬಳೇ ಅಕ್ಕ ಗಂಗವ್ವನನ್ನು ಚಿಮ್ಮಡದ ಒಕ್ಕಲುತನದ ಮನೆಗೆ ಕೊಟ್ಟಿದ್ದೆವು. ಅಮಾವಾಸ್ಯೆಯ ದಿನ ಬನಹಟ್ಟಿಯಲ್ಲಿ ಮಗ್ಗಗಳು ನಿಲ್ಲುತ್ತವೆ. ಅದರಲ್ಲೂ ಎಳ್ಳಮಾವಾಸ್ಯೆ ಬಂತೆಂದರೆ ಅಪ್ಪ, ಅವ್ವ, ನಾನು ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಅಕ್ಕನ ಹೊಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಿದ್ದೆವು. ವರ್ಷವೆಲ್ಲ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುವ ಅಪ್ಪನಿಗೆ ಅದೊಂದೇ ದೊಡ್ಡ ನಡಿಗೆ. ಅರಳೆಯ ಧೂಳು ಕುಡಿದು ಕುಡಿದು ಅವನಿಗೆ ಕೆಮ್ಮು ಹತ್ತಿತ್ತು. ಹತ್ತು ಹೆಜ್ಜೆ ನಡೆದರೆ ಎರಡು ಸಲ ಕೆಮ್ಮಬೇಕು. ಆದರೂ ಮಡ್ಡಿ ಏರಿ, ಆ ಕಡೆಯ ಇಳಿಜಾರಿನಲ್ಲಿ ಕರಿ ಹೊಲಗಳು ಕಂಡ ಕೂಡಲೇ ಮುದುಕನಿಗೆ ಹುರುಪು ಬರುತ್ತಿತ್ತು. ನಮ್ಮ ಕಡೆ ಬಿಳಿಜೋಳದ ಹೊಲದ ಸುತ್ತಲೂ ದನ ನುಗ್ಗದಂತೆ ಮುಳ್ಳಿನ ಕುಸುಬೆ ಬಿತ್ತುತ್ತಾರೆ. ಹಳದಿ ಹೂವಿನ ಆ ಸಾಲು ನೋಡಿ ಅಪ್ಪ ನಿಂತುಬಿಡುತ್ತಿದ್ದ.

"ಈ ಹೊಲದಾಂವ ಅಂಚು ಛಲೋ ಹಿಡದಾನ ನೋಡು. ಆ ಕಡಿಯಾಂವ ನೂಲು ಉಳಿಸ್ಯಾನ" ಎಂದು ಹೊಲಗಳಿಗೆ ಸೀರೆಯಂತೆ ಬೆಲೆ ಕಟ್ಟುತ್ತಾ ನಡೆಯುತ್ತಿದ್ದ. ಅವ್ವ ತಲೆಯ ಮೇಲಿನ ಬುಟ್ಟಿ ಸರಿಮಾಡಿಕೊಳ್ಳುತ್ತಾ ನಗುತ್ತಿದ್ದಳು. ಹಳ್ಳ ದಾಟಿ, ಜಾಲಿಮರಗಳ ನೆರಳು ಹಿಡಿದು ಹೋದರೆ ಅಕ್ಕನ ಹೊಲ.

ನಾನು ಹೇಳುತ್ತಿರುವ ವರ್ಷ ಆ ದಾರಿಯಲ್ಲಿ ಯಾರೂ ನಗಲಿಲ್ಲ. ಹಿಂದಿನ ಶ್ರಾವಣದಲ್ಲಿ ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುತ್ತಿದ್ದವರು, ಒಂಬತ್ತು ದಿನದ ಜ್ವರದಲ್ಲಿ ತೀರಿಕೊಂಡಿದ್ದರು. ಉಳಿದವರು ಅಕ್ಕ ಮತ್ತು ಆರು ವರ್ಷದ ಮಗಳು ನೀಲವ್ವ. ಆ ಮಗು ಒಂದನ್ನು ನೋಡಿಕೊಂಡು ಅಕ್ಕ ಉಸಿರಾಡುತ್ತಿದ್ದಳು. ಅಪ್ಪ ಕುಸುಬೆಯ ಕಡೆ ಕತ್ತೆತ್ತಿಯೂ ನೋಡಲಿಲ್ಲ.

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವುದನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತಾರೆ. ಮಾಡಿಕೊಂಡು ಬಂದ ಅಡುಗೆಯಲ್ಲಿ ಎಲ್ಲವನ್ನೂ ಒಂದಿಷ್ಟು ಕಲಸಿ, ಒಬ್ಬರು ಅದನ್ನು ಬೆಳೆಗೆ ಎರಚುತ್ತಾ, ಕೂಗು ಹಾಕುತ್ತಾ ಬದುವಿನ ಗುಂಟ ಹೊಲ ಸುತ್ತುತ್ತಾರೆ. ಅವರ ಹಿಂದೆ ಇನ್ನೊಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತಾ, ಕೂಗಿಗೆ ಮರುಕೂಗು ಕೊಡುತ್ತಾ ನಡೆಯುತ್ತಾರೆ. ಉಂಡ ಭೂತಾಯಿಗೆ ನೀರು ಕೊಡಬೇಕಲ್ಲ! ಅಕ್ಕನ ಮನೆತನದಲ್ಲಿ ಇದರ ಮೇಲೆ ಇನ್ನೊಂದು ಕಟ್ಟಳೆಯಿತ್ತು. ಸುತ್ತು ಮುಗಿಯುವ ತನಕ ಚರಗ ಚೆಲ್ಲುವವರು ತಿರುಗಿ ನೋಡಬಾರದು, ಅವರನ್ನು ಯಾರೂ ಹೆಸರು ಹಿಡಿದು ಕರೆಯಬಾರದು.

ಮದುವೆಯಾದಂದಿನಿಂದ ಮಾಮಾ ಮುಂದೆ, ಅಕ್ಕ ಹಿಂದೆ. ಆ ವರ್ಷ ಚರಗದ ಬುಟ್ಟಿ ನನ್ನ ಕೈಗೆ ಬಂತು. ಅಭ್ಯಾಸಬಲದಿಂದ ಅಕ್ಕ ತಂಬಿಗೆಗೆ ಕೈ ಹಾಕಿದಳು. ಅವ್ವ ಮೆಲ್ಲಗೆ ಅವಳ ಕೈ ಹಿಡಿದಳು.

"ಬ್ಯಾಡವ್ವ. ಈ ವರ್ಷ ನೀ ಮುಟ್ಟಬ್ಯಾಡ."

ಅಕ್ಕ ಕೈ ತೆಗೆದು, ಸೆರಗಿಗೆ ಒರೆಸಿಕೊಂಡು, ದೂರ ಹೋಗಿ ಕುಳಿತಳು. ಓದಿದವನು ನಾನು. ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ಅಪ್ಪ, "ನೀ ನಡಿ, ನಾ ನೀರು ತರ್ತೀನಿ" ಎಂದ. ನಾನು ಬದು ಹತ್ತಿದೆ.

ಜೋಳ ತಲೆಯೆತ್ತರಕ್ಕಿಂತ ಮೇಲೆ ಬೆಳೆದಿತ್ತು. ಒಳಗೆ ಹೋದರೆ ಬನ್ನಿಗಿಡವೂ ಕಾಣದು, ಅದರ ಕೆಳಗೆ ಕುಳಿತವರೂ ಕಾಣರು. "ಹುಲ್ಲುಲ್ಲಿಗೋ" ಎಂದು ಮೊದಲ ಕೂಗು ಹಾಕಿದೆ. ಸಾಲೆಯ ಹುಡುಗರು ಕೇಳಿದರೆ ನಕ್ಕಾರು ಎಂದು ನಾಚಿಕೆಯಾಯಿತು. ಹಿಂದಿನಿಂದ ಮರುಕೂಗು ಬಂತು. ಒಣಮಣ್ಣಿನ ಮೇಲೆ ನೀರು ಬೀಳುವ ಸಣ್ಣ ಸಪ್ಪಳವೂ ಬಂತು. ಅಪ್ಪ ಬರುತ್ತಿದ್ದಾನೆ ಎಂದುಕೊಂಡೆ. ಹಾಗೇ ಮುಂದೆ ನಡೆದೆ. ಒಂದನೇ ಮೂಲೆ, ಎರಡನೇ ಮೂಲೆ. ನನ್ನ ಪ್ರತಿ ಕೂಗಿಗೂ ಉತ್ತರ ಸಿಗುತ್ತಿತ್ತು. ಗಂಡಸಿನ ದನಿ, ಜೋರಿಲ್ಲ, ಆದರೆ ಹತ್ತಿರವೇ. ನಡುವೆ ಎಲ್ಲೋ ದೂರದಲ್ಲಿ ಅವ್ವ "ನೀಲಾ, ನೀಲಾ" ಎಂದು ಕರೆದದ್ದು ಕಿವಿಗೆ ಬಿತ್ತು. ಹುಡುಗಿಯನ್ನು ಊಟಕ್ಕೆ ಕರೆಯುತ್ತಿರಬೇಕು ಎಂದುಕೊಂಡೆ.

ಮೂರನೇ ಮೂಲೆ ದಾಟಿದಾಗ ಒಂದು ವಿಷಯ ತಲೆಗೆ ಹೊಳೆಯಿತು. ಇಷ್ಟು ದೂರ ನಡೆದರೂ ಅಪ್ಪ ಒಮ್ಮೆಯೂ ಕೆಮ್ಮಿರಲಿಲ್ಲ.

ತಿರುಗಿ ನೋಡಲಿಲ್ಲ. ಕಟ್ಟಳೆಗೆ ಹೆದರಿ ಎಂದು ತಿಳಿಯಬೇಡಿ, ಸುಮ್ಮನೆ ಕತ್ತು ತಿರುಗಲಿಲ್ಲ ಅಷ್ಟೇ. ನಾಲ್ಕನೇ ಮೂಲೆಗೆ ಬಂದು ಕೂಗು ಹಾಕಿದೆ. ಉತ್ತರ ಬರಲಿಲ್ಲ. ನೀರಿನ ಸಪ್ಪಳ ಮಾತ್ರ ನನ್ನ ಬೆನ್ನ ಹಿಂದಿನಿಂದ ಸರಿದು, ಎಡಕ್ಕೆ ಹೊರಳಿ, ಕುಸುಬೆಯ ಸಾಲು ದಾಟಿ ದೂರ ದೂರ ಹೋಗಿ ನಿಂತುಹೋಯಿತು. ಉಳಿದ ಬದುವನ್ನು ನಾನು ಹೇಗೆ ನಡೆದೆನೋ ತಿಳಿಯದು. ಬನ್ನಿಗಿಡದ ಹತ್ತಿರ ಬಂದರೆ ಅಲ್ಲಿ ಯಾರೂ ಇಲ್ಲ. ಐದು ಕಲ್ಲುಗಳ ಮುಂದೆ ತಂಬಿಗೆ ಇಟ್ಟಲ್ಲಿಯೇ ಇತ್ತು. ಕಂಠದವರೆಗೆ ನೀರು. ಬಾಯಿಗೆ ಮುಚ್ಚಿದ್ದ ಎಲೆ ಹಾಗೇ ಇತ್ತು.

ಅಷ್ಟರಲ್ಲಿ ಹಳ್ಳದ ಕಡೆಯಿಂದ ಅಪ್ಪ ಕೆಮ್ಮುತ್ತಾ, ಏಳುತ್ತಾ ಬೀಳುತ್ತಾ ಬಂದ.

"ಕೂಸು ಕಾಣವಲ್ದೋ! ನೀ ಬದು ಹತ್ತಿದ ಕೂಡ್ಲೇ ಗೊತ್ತಾತು. ಹಳ್ಳದಾಗೆಲ್ಲ ಹುಡುಕಿದ್ವಿ."

"ನನ್ನನ್ಯಾಕ ಕರೀಲಿಲ್ಲ?"

"ಚರಗ ನಡದಿತ್ತಲ್ಲೋ. ಹೆಂಗ ಕರೀಬೇಕು?"

ಹಳ್ಳದ ಮಡುವಿನ ಹತ್ತಿರ ಅಕ್ಕನ ಆಕ್ರಂದನ ಕೇಳುತ್ತಿತ್ತು. ಅಪ್ಪನ ಜೊತೆ ಆ ಕಡೆ ಓಡಬೇಕಾದವನು ನಾನು ನಾಲ್ಕನೇ ಮೂಲೆಗೆ ಓಡಿದೆ. ಯಾಕೆಂದು ಇವತ್ತಿಗೂ ಹೇಳಲಾರೆ. ಬದುವಿನ ಧೂಳಿನಲ್ಲಿ ನೀರಿನ ಹನಿಗಳು ಇನ್ನೂ ಆರಿರಲಿಲ್ಲ. ನನ್ನ ಹೆಜ್ಜೆಗಳ ಬಾಜೂಕ್ಕೆ, ಒಂದು ಮೊಳ ಅಂತರಕ್ಕೊಮ್ಮೆ, ಚುಕ್ಕೆ ಇಟ್ಟಂತೆ. ಮೂಲೆಗೆ ಬಂದು ಅವು ಬದು ಬಿಟ್ಟು, ಕುಸುಬೆ ದಾಟಿ, ಹಾಳೂರಿನ ದಿಬ್ಬದ ಕಡೆ ಹೋಗಿದ್ದವು. ಅಲ್ಲಿ ಹಿಂದೆ ಯಾವಾಗಲೋ ಊರಿತ್ತಂತೆ. ಈಗ ಬಾರಿಗಿಡ, ಕಳ್ಳಿ, ಒಂದಿಷ್ಟು ಕುಸಿದ ಗೋಡೆ. ಹನಿಗಳನ್ನು ನೋಡುತ್ತಾ ಬಗ್ಗಿ ಬಗ್ಗಿ ನಡೆದೆ. ಕೊನೆಯ ಹನಿ ಒಂದು ಬಾರಿಗಿಡದ ಬುಡದಲ್ಲಿತ್ತು. ಅದರ ಪಕ್ಕದಲ್ಲೇ, ಒಣ ಹುಲ್ಲಿನ ನಡುವೆ, ಹಳೆಯ ಹಗೇವಿನ ಬಾಯಿ.

ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಹಳ ದಿನ ಮುಚ್ಚಿದ್ದ ಹಗೇವಿಗೆ ದೊಡ್ಡವರು ಇಳಿದರೂ ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟಿ ಸಾಯುವುದುಂಟು. ನೀಲವ್ವ ಬಾರಿಹಣ್ಣು ಆರಿಸಲು ಹೋಗಿ ಕಾಲು ಜಾರಿ ಅದರೊಳಗೆ ಬಿದ್ದಿದ್ದಳು. ಅರ್ಧ ಮಣ್ಣು ತುಂಬಿದ್ದರಿಂದ ಆಳ ಕಡಿಮೆಯಿತ್ತು. ನಾನು ಹೊಟ್ಟೆಯ ಮೇಲೆ ಮಲಗಿ, ಧೋತರ ಬಿಚ್ಚಿ ಇಳಿಬಿಟ್ಟು ಕೂಗಿದೆ. ಹುಡುಗಿ ಕಣ್ಣು ಬಿಟ್ಟು, ನಿದ್ದೆಯಲ್ಲಿದ್ದವಳಂತೆ ಅದನ್ನು ಹಿಡಿದುಕೊಂಡಳು. ಎಳೆದು ಎದೆಗೆ ಅವುಚಿಕೊಂಡೆ. ಅವಳ ಮುಖ, ಮುಂದಲೆ ಒದ್ದೆಯಾಗಿದ್ದವು.

"ಯಾರವ್ವ ನೀರು ಹಾಕಿದ್ದು?"

"ಮ್ಯಾಲಿಂದ ಬಿತ್ತು. ಮಕ್ಕೊಂಡಿದ್ನಿ, ಎಚ್ಚರಾತು" ಎಂದಳು. ಅದಕ್ಕಿಂತ ಹೆಚ್ಚಿಗೆ ಅವಳು ಅಂದೂ ಹೇಳಲಿಲ್ಲ, ದೊಡ್ಡವಳಾದ ಮೇಲೂ ಹೇಳಲಿಲ್ಲ.

ಮಗಳನ್ನು ಕಂಡು ಅಕ್ಕ ಹೇಗೆ ಬಿದ್ದು ಅತ್ತಳೆಂದು ಬರೆಯಲು ನನಗೆ ಬಾರದು. ಎಲ್ಲ ತಣ್ಣಗಾದ ಮೇಲೆ, ಇಳಿಹೊತ್ತಿನಲ್ಲಿ, ಅವಳು ನನ್ನನ್ನು ಬದುವಿನ ಹತ್ತಿರ ಕರೆದಳು. ಹನಿಗಳು ಅಷ್ಟು ಹೊತ್ತಿಗೆ ಆರಿಹೋಗಿದ್ದವು.

"ತಮ್ಮಾ, ಅಪ್ಪ ನಿನ್ನ ಹಿಂದ ಬರಲಿಲ್ಲಂತ. ಮತ್ತ ನಿನ್ನ ಕೂಗಿಗೆ ಯಾರರೆ ದನಿ ಕೊಟ್ಟರೇನೋ?"

ಆ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಇತ್ತು. ಅದು ನನಗೆ ತಿಳಿಯಿತು. ಅವಳ ಕಣ್ಣು ನೋಡಲಾಗಲಿಲ್ಲ. ಖರೆ ಹೇಳಬೇಕೆಂದರೆ ಆ ದನಿಯ ಗುರುತು ನನಗೆ ಹತ್ತಿರಲಿಲ್ಲ. ಮಾಮಾ ಅವರದು ಎಂದು ಆಣೆ ಮಾಡಲಾರೆ, ಅಲ್ಲ ಎಂದೂ ಆಣೆ ಮಾಡಲಾರೆ. ಇಷ್ಟನ್ನಾದರೂ ಅವಳಿಗೆ ಹೇಳಬಹುದಿತ್ತು. ಆದರೆ ಮಾಸ್ತರಿಕೆ ಅಡ್ಡ ಬಂತು. ನಾಳೆ ಊರಲ್ಲೆಲ್ಲ ಸುದ್ದಿಯಾದರೆ ನನ್ನ ಮಾನ ಏನಾದೀತು?

"ಯಾರೂ ಇಲ್ಲಕ್ಕ. ನಾ ಒಬ್ಬನ ಕೂಗಿದೆ. ಏನೂ ಕೇಳಲಿಲ್ಲ" ಎಂದೆ. "ಬಾರಿಗಿಡ ಕಂಡು ಅತ್ತಾಗ ಹೋದೆ ಅಷ್ಟ."

ಅಕ್ಕ ತಲೆಯಾಡಿಸಿ, ಬುತ್ತಿ ಗಂಟು ಕಟ್ಟಲು ಹೋದಳು.

ಮರುವರ್ಷ ನಾನು ಬುಟ್ಟಿ ಎತ್ತಿದಾಗ ಅಕ್ಕ ಯಾರನ್ನೂ ಕೇಳದೆ ತಂಬಿಗೆ ಎತ್ತಿಕೊಂಡಳು. ಅವ್ವ ಬೇಡವೆನ್ನಲಿಲ್ಲ. ಅಂದಿನಿಂದ ಪ್ರತಿ ವರ್ಷ ನಾನು ಮುಂದೆ, ಅವಳು ಹಿಂದೆ. ನಾಲ್ಕನೇ ಮೂಲೆಗೆ ಬಂದಾಗ ಅವಳು ಒಂದು ಗಳಿಗೆ ನಿಂತು, ಹಾಳೂರಿನ ದಿಬ್ಬದ ಕಡೆ ಒಂದು ಬೊಗಸೆ ನೀರು ಚೆಲ್ಲುವುದು ಕಿವಿಗೆ ಕೇಳುತ್ತಿತ್ತು. ಅದನ್ನು ಕೇಳಿದಾಗಲೆಲ್ಲ ನನ್ನ ಸುಳ್ಳು ನೆನಪಾಗುತ್ತಿತ್ತು.

ಸಂಸ್ಥಾನಗಳು ವಿಲೀನವಾದ ಮೇಲಿನ ಮೊದಲ ಎಳ್ಳಮಾವಾಸ್ಯೆಯಂದು ತಡೆಯಲಾರದೆ ಹೇಳಿಬಿಟ್ಟೆ. ಅಕ್ಕನ ಕೂದಲು ಆಗಲೇ ನೆರೆತಿತ್ತು, ನೀಲವ್ವನ ಮಕ್ಕಳು ಬಾರಿಗಿಡ ಅಲುಗಿಸುತ್ತಿದ್ದರು. ಮರುಕೂಗು ಬಂದದ್ದು, ಕೆಮ್ಮಿಲ್ಲದ ದನಿ, ಧೂಳಿನ ಮೇಲಿನ ಹನಿ, ತುಂಬಿದ ತಂಬಿಗೆ, ಎಲ್ಲ ಹೇಳಿದೆ. ದನಿ ಯಾರದೆಂದು ಗೊತ್ತಾಗಲಿಲ್ಲ ಎಂಬುದನ್ನೂ ಹೇಳಿದೆ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಕುಸುಬೆಯ ಕಡೆ ತಿರುಗಿ ಕುಳಿತಳು.

"ಕರದರೂ ಓ ಅನ್ನಾವರಿಲ್ಲ ಅಂತ ಎಷ್ಟು ವರ್ಷ ಅತ್ತೀನೋ ತಮ್ಮಾ" ಎಂದಳು. "ಅವತ್ತ ಹೇಳಿದ್ರ ಅಷ್ಟೊಂದು ಅಳತಿದ್ದಿಲ್ಲ."

ಈಗ ಅಕ್ಕನೂ ಇಲ್ಲ. ನೀರು ಎಲ್ಲಿಂದ ಬಂತು, ದನಿ ಯಾರದು ಎಂದು ನಾನು ಮಾಡದ ತರ್ಕವಿಲ್ಲ, ಒಂದೂ ಕೊನೆಯವರೆಗೆ ನಿಲ್ಲಲಿಲ್ಲ. ಚರಗದ ಬುಟ್ಟಿ ನೀಲವ್ವನ ಮಗನ ಕೈಗೆ ಬಂದಿದೆ. ತಂಬಿಗೆ ಹಿಡಿದು ಅವನ ಹಿಂದೆ ನಡೆಯುವವನು ನಾನು. ಅಪ್ಪನ ಹಾಗೆ ನನಗೂ ಈಗ ಕೆಮ್ಮು. ನಾಲ್ಕನೇ ಮೂಲೆಗೆ ಬಂದಾಗ ದಿಬ್ಬದ ಕಡೆ ಒಂದು ಬೊಗಸೆ ನೀರು ಚೆಲ್ಲಿ, ಕೆಮ್ಮನ್ನು ಬಿಗಿಹಿಡಿದು, ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲುತ್ತೇನೆ.