ಮಗಳ ಕಾದಂಬರಿ ಓದಿ ತಂಗಿಯ ಮನೆಗೆ ಹೋದೆ

ಎರಡು ವರ್ಷದ ಹಿಂದಿನ ಮಾತು. ನನ್ನ ಮಗಳು ಕಾವ್ಯ ಆಗ ದೇವನಹಳ್ಳಿಯ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ನಮ್ಮದು ಚನ್ನರಾಯಪಟ್ಟಣ ಹೋಬಳಿಯ ಹಳ್ಳಿ, ಮೂರು ಎಕರೆ ದ್ರಾಕ್ಷಿ ತೋಟವಿದೆ. ಒಂದು ಭಾನುವಾರ ಕರೆಂಟ್ ಬಿಲ್ಲು ಹುಡುಕುತ್ತಾ ಅವಳ ಮೇಜಿನ ಮೇಲೆ ಕೈಯಾಡಿಸಿದಾಗ ಹಳೆಯ ಕಾದಂಬರಿಯೊಂದು ಸಿಕ್ಕಿತು. ನಡುವೆ ತೆರೆದು ಎರಡು ಪುಟ ಓದಿದೆ. ಕಿವಿ ಬಿಸಿಯಾಯಿತು. ಮುನ್ನುಡಿಗೆ ತಿರುಗಿಸಿ ನೋಡಿದೆ. ದೊಡ್ಡ ಮನೆತನದ ಹೆಂಗಸೊಬ್ಬಳು ತಮ್ಮದೇ ತೋಟದ ಆಳನ್ನು ಪ್ರೀತಿಸಿ, ಗುಟ್ಟಾಗಿ ಅವನನ್ನು ಸೇರುವ ಕಥೆ. ಯಾವುದೋ ದೇಶದ್ದು, ಕನ್ನಡಕ್ಕೆ ಬಂದದ್ದು. ಹೊರಬಂದ ಕಾಲದಲ್ಲಿ ದೊಡ್ಡ ಗಲಾಟೆಯಾಗಿತ್ತೆಂದು ಮುನ್ನುಡಿಯಲ್ಲೇ ಬರೆದಿತ್ತು.

"ಏನೇ ಇದು?" ಎಂದು ಕೂಗಿದೆ.

"ಮೇಡಂ ಕೊಟ್ಟಿರೋ ಪುಸ್ತಕ ಅಪ್ಪಾ. ಕ್ಲಾಸಲ್ಲಿ ಇದರ ಮೇಲೆ ಮಾತಾಡ್ಬೇಕು."

"ನಮ್ಮನೇಲಿ ಒಂದ್ಸಲ ಆಗಿದ್ದು ಸಾಲ್ದಾ?" ಎಂದುಬಿಟ್ಟೆ.

ಅಡುಗೆಮನೆಯಲ್ಲಿದ್ದ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಹತ್ತೊಂಬತ್ತು ವರ್ಷದಿಂದ ಆ ವಿಷಯವನ್ನು ಯಾರೂ ಎತ್ತಿರಲಿಲ್ಲ. ನನ್ನ ಒಬ್ಬಳೇ ತಂಗಿ ಪುಷ್ಪ, ನಮ್ಮ ತೋಟಕ್ಕೆ ಕೂಲಿಗೆ ಬರುತ್ತಿದ್ದ ವೆಂಕಟೇಶನನ್ನು ಮದುವೆಯಾಗಿ ಮನೆ ಬಿಟ್ಟು ಹೋಗಿದ್ದಳು. ಅಪ್ಪ ತೀರಿಕೊಂಡ ದಿನ ಅವಳು ಬಂದು ಬೀದಿ ತುದಿಯಲ್ಲಿ ನಿಂತಿದ್ದಾಳೆಂದು ಯಾರೋ ಹೇಳಿದಾಗ, ವಾಪಸ್ ಹೋಗುವಂತೆ ಹೇಳಿ ಕಳಿಸಿದವನು ನಾನೇ.

ಮರುದಿನ ಪುಸ್ತಕ ಹಿಡಿದು ಕಾಲೇಜಿಗೆ ಹೋದೆ. ಕಾವ್ಯಳ ಮೇಡಂ ನನ್ನ ಕೂಗಾಟವನ್ನೆಲ್ಲ ಕೇಳಿ, ಒಂದು ಲೋಟ ನೀರು ಕೊಟ್ಟರು.

"ಎಷ್ಟು ಓದಿದ್ರಿ ಯಜಮಾನ್ರೇ?"

"ಎರಡು ಪುಟ. ಅಷ್ಟೇ ಸಾಕು."

"ಪೂರ್ತಿ ಓದಿ ಬನ್ನಿ. ಆಮೇಲೂ ಕೆಟ್ಟದ್ದು ಅನ್ನಿಸಿದ್ರೆ ನಿಮ್ಮ ಮಗಳಿಗೆ ಬೇರೆ ಪುಸ್ತಕ ಕೊಡ್ತೀನಿ."

ತಪ್ಪು ಹುಡುಕಲೆಂದೇ ಓದಲು ಕುಳಿತೆ. ತೋಟದ ಪಂಪ್‌ಸೆಟ್ ಮನೆಯಲ್ಲಿ, ಯಾರಾದರೂ ಬಂದರೆ ಕಾಣದಿರಲೆಂದು ಪೇಪರಿನ ಒಳಗಿಟ್ಟುಕೊಂಡು, ನಾಲ್ಕು ದಿನ ಓದಿದೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ನಾನು ಪೂರ್ತಿ ಓದಿದ ಮೊದಲ ಪುಸ್ತಕ ಅದು.

ಮುಜುಗರದ ಪುಟಗಳು ಇದ್ದವು, ಇಲ್ಲವೆನ್ನುವುದಿಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಆ ಮನೆಯವರಿಗೆ ಆಳು ಕಾಣುವುದೇ ಇಲ್ಲ. ಅವನ ಕೆಲಸ ಮಾತ್ರ ಕಾಣುತ್ತದೆ. ಅವನಿಗೆ ಜ್ವರ ಬಂದದ್ದು, ಅವನು ನಕ್ಕದ್ದು, ಅವನಿಗೂ ಒಂದು ಯೋಚನೆ ಇರುವುದು ಆ ಹೆಂಗಸೊಬ್ಬಳಿಗೇ ಗೊತ್ತು. ಓದುತ್ತಾ ಓದುತ್ತಾ ವೆಂಕಟೇಶ ನೆನಪಾದ. ಆರು ವರ್ಷ ನಮ್ಮ ದ್ರಾಕ್ಷಿ ಬಳ್ಳಿ ಕತ್ತರಿಸಿದವನು. ಒಮ್ಮೆ ಕತ್ತರಿ ಜಾರಿ ಅವನ ಅಂಗೈ ಸೀಳಿತ್ತು. ನಾನು ಮೊದಲು ನೋಡಿದ್ದು ಬಳ್ಳಿಗೇನಾಯಿತು ಎಂದು. ಓಡಿಬಂದು ಬಟ್ಟೆ ಸುತ್ತಿದ್ದು ಪುಷ್ಪ. ಆ ಪುಟ ಮಡಚಿಟ್ಟೆ.

ಶನಿವಾರ ಬೆಳಿಗ್ಗೆ ಕಾವ್ಯಳಿಗೆ, "ಹೊರಡು, ಸಮೇತನಹಳ್ಳಿಗೆ ಹೋಗ್ಬರೋಣ" ಎಂದೆ.

"ಅಲ್ಲಿ ಯಾರಿದ್ದಾರೆ ಅಪ್ಪಾ?"

"ನಿಮ್ಮತ್ತೆ."

ಅವಳು ತಕ್ಷಣ ಚಪ್ಪಲಿ ಮೆಟ್ಟಿಕೊಂಡಳು. ಹೆಂಡತಿ ಒಂದು ಬುಟ್ಟಿ ದ್ರಾಕ್ಷಿ ತಂದು ಬೈಕಿಗೆ ಕಟ್ಟಿದಳು. ಅವಳ ಕಣ್ಣು ಒದ್ದೆಯಾಗಿತ್ತು.

ವೆಂಕಟೇಶ ಅಲ್ಲಿ ಟೊಮ್ಯಾಟೊ, ಕೋಸಿನ ಸಸಿ ಬೆಳೆಸಿ ಮಾರುತ್ತಿದ್ದಾನೆಂದು ಸಂತೆಯಲ್ಲಿ ಕೇಳಿದ್ದೆ. ವಿಚಾರಿಸಿಕೊಂಡು ಹೋದೆವು. ಹಸಿರು ನೆರಳುಬಲೆಯ ಕೆಳಗೆ ಸಸಿಗಳಿಗೆ ನೀರು ಹಾಕುತ್ತಿದ್ದವನು ನನ್ನನ್ನು ಕಂಡು ಪೈಪು ಕೆಳಗಿಟ್ಟ. ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಬನ್ನಿ ಗೌಡ್ರೇ" ಎಂದ.

ಆ ಮಾತು ಚುಚ್ಚಿತು. "ಗೌಡ್ರು ಅನ್ಬೇಡ ವೆಂಕಟೇಶ. ಭಾವ ಅನ್ನು" ಎಂದೆ. ಅವನು ನೆಲ ನೋಡುತ್ತಾ ನಿಂತ.

ಅಷ್ಟರಲ್ಲಿ ಪುಷ್ಪ ಹೊರಗೆ ಬಂದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಥೇಟ್ ನಮ್ಮಮ್ಮ. ನನ್ನನ್ನು ನೋಡಿ ಅಳುತ್ತಾಳೆಂದುಕೊಂಡಿದ್ದೆ. ಅವಳು ಅಳಲಿಲ್ಲ.

"ಅಪ್ಪನ ಮುಖ ನೋಡೋಕೂ ಬಿಡ್ಲಿಲ್ವಲ್ಲ. ಐದು ನಿಮಿಷ ಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ತಪ್ಪಾಯ್ತು ಪುಷ್ಪಾ" ಎಂದೆ. ಮಗಳ ಮುಂದೆ ಅತ್ತದ್ದು ಅದೇ ಮೊದಲು.

ಪುಷ್ಪ ತಿರುಗಿ ಒಳಗೆ ಹೋದಳು. ಮುಗಿಯಿತು, ವಾಪಸ್ ಹೊರಡುವುದೇ ಸರಿ ಎಂದು ನಾನು ಬೈಕಿನ ಕಡೆ ತಿರುಗಿದೆ. ಕಾವ್ಯ ಮಾತ್ರ ಯಾರನ್ನೂ ಕೇಳದೆ ಅವಳ ಹಿಂದೆಯೇ ಒಳಗೆ ಹೋದಳು. ವೆಂಕಟೇಶ ಕುರ್ಚಿ ತಂದು ಹಾಕಿದ. ನಾನು ಕುಳಿತೆ. ಬಹಳ ಹೊತ್ತಿನ ಮೇಲೆ ಒಳಗಿನಿಂದ ಪುಷ್ಪಳ ದನಿ ಕೇಳಿಸಿತು.

"ಒಂದು ವರ್ಷದ ಕೂಸಾಗಿದ್ದಾಗ ಬಿಟ್ಟು ಹೋಗಿದ್ನಲ್ಲೇ ನಿನ್ನ! ನೋಡು, ನನಗಿಂತ ಎತ್ತರ ಆಗಿದ್ದೀಯ."

ಆಮೇಲೆ ಬಾಗಿಲಿಗೆ ಬಂದು, ನನ್ನ ಮುಖ ನೋಡದೆ, "ಮುದ್ದೆ ಮಾಡಿದ್ದೀನಿ. ಎದ್ದು ಕೈ ತೊಳ್ಕೋ" ಎಂದಳು.

ಸೋಮವಾರ ಪುಸ್ತಕದೊಂದಿಗೆ ಕಾಲೇಜಿಗೆ ಹೋದಾಗ ಮೇಡಂ, "ಏನ್ಮಾಡೋಣ, ಬೇರೆ ಕೊಡ್ಲಾ?" ಎಂದು ಕೇಳಿದರು. "ಬೇಡ ಮೇಡಂ. ಇದರ ಮೇಲೇ ಮಾತಾಡ್ಲಿ" ಎಂದೆ.

ಮುಂದಿನ ಯುಗಾದಿಗೆ ಪುಷ್ಪ, ವೆಂಕಟೇಶ ಇಬ್ಬರೂ ನಮ್ಮ ಮನೆಗೆ ಬಂದರು. ಪುಷ್ಪ ಅಪ್ಪನ ಫೋಟೋ ಮುಂದೆ ಒಬ್ಬಳೇ ತುಂಬಾ ಹೊತ್ತು ಕುಳಿತಿದ್ದಳು. ನಾವು ಯಾರೂ ಆ ಕಡೆ ಹೋಗಲಿಲ್ಲ. ಸಂಜೆ ಹೊರಡುವಾಗ ಹೊಸಿಲು ದಾಟಿ ನಿಂತು, "ಬರ್ತೀನಿ ಅಣ್ಣ" ಎಂದಳು. ನಮ್ಮ ಕಡೆ ಹೊರಡುವವರೆಲ್ಲ ಹೇಳುವ ಮಾತೇ ಅದು, ದಿನಕ್ಕೆ ಹತ್ತು ಸಲ ಕೇಳುತ್ತೇವೆ. ಆದರೆ ಅವಳ ಬಾಯಿಂದ ಅದನ್ನು ಕೇಳಲು ನಾನು ಇಷ್ಟು ವರ್ಷ ತಡಮಾಡಿದೆನಲ್ಲ ಎಂಬ ಸಂಕಟ ಈಗಲೂ ಇದೆ. ಅಂದಿನಿಂದ ಅವಳು ಹೇಳಿದ ಹಾಗೆಯೇ ಬರುತ್ತಿದ್ದಾಳೆ.