ಸುಕ್ಕು ಅರ್ಧ ತೆಗೆದರೆ ಸಾಕು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಯಾರ ಮುಖವನ್ನೂ ಇದ್ದ ಹಾಗೆ ಬಿಡಲು ನನಗೆ ಬರುವುದಿಲ್ಲ. ಕ್ಯಾಮೆರಾ ಕೈಗೆ ಬರುವ ಮುಂಚೆ ಈ ಕೆಲಸವನ್ನು ಬರೀ ಬಾಯಿಂದ ಮಾಡುತ್ತಿದ್ದೆ. ನಮ್ಮಪ್ಪನದು ನಾಸಿಕದಲ್ಲಿ ಬೇಳೆ ಅಂಗಡಿ. ಗಿರಾಕಿಯ ಎದುರು ತೊಗರಿಬೇಳೆಯನ್ನು ಅಂಗೈಯಲ್ಲಿ ಹರಡಿ, ಕನ್ನಡಕವನ್ನು ಹಣೆಗೇರಿಸಿ, ಒಂದೇ ಒಂದು ಹುಬ್ಬನ್ನು ಮೇಲೆತ್ತುವ ಅಪ್ಪನನ್ನು ನಾನು ಮಾಡಿ ತೋರಿಸಿದರೆ ಇಲ್ಲಿನ ನಮ್ಮ ಬೀದರ್ ಬಳಗವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಅಪ್ಪ ಮಾತ್ರ ನಗುವುದಿಲ್ಲ. ಒಂದು ಹುಬ್ಬು ಮೇಲೆತ್ತುತ್ತಾರೆ. ಜನ ಇನ್ನೂ ಜೋರಾಗಿ ನಗುತ್ತಾರೆ. ನನ್ನನ್ನೂ ನಾನು ಬಿಟ್ಟಿಲ್ಲ. ಕನ್ನಡದಲ್ಲಿ ಹೊರಟು, ಅರ್ಧ ದಾರಿಯಲ್ಲಿ ಗಾಡಿ ಕೆಟ್ಟು, ಮರಾಠಿ ಹತ್ತಿಕೊಂಡು ಊರು ಸೇರುವ ನನ್ನ ಮಾತಿನ ಅಣಕಿಗೂ ಒಳ್ಳೆಯ ಬೇಡಿಕೆಯಿದೆ.

ಫೋಟೋದ ಹುಚ್ಚು ಹತ್ತಿದ್ದು ಆಮೇಲೆ. ಬೆಳಕಿನ ವಿಷಯದಲ್ಲಿ ನನ್ನ ಗುರು ಹತ್ತಿರದ ಘಟ್ಟದೂರು ಇಗತಪುರಿಯ ಮೋಡ. ನಾಸಿಕದ ಮಧ್ಯಾಹ್ನದ ಬಿಸಿಲಲ್ಲಿ ಯಾರನ್ನಾದರೂ ನಿಲ್ಲಿಸಿ ನೋಡಿ: ಕಣ್ಣು ಎರಡು ಗುಂಡಿ, ಮೂಗಿನ ಕೆಳಗೆ ನೆರಳಿನ ಮೀಸೆ, ಗಂಡು ಹೆಣ್ಣು ಭೇದವಿಲ್ಲ. ಅದೇ ಮನುಷ್ಯನನ್ನು ಮಳೆಗಾಲದಲ್ಲಿ ಇಗತಪುರಿಗೆ ಕರೆದೊಯ್ಯಿರಿ. ಆಕಾಶಕ್ಕೇ ಯಾರೋ ಬಿಳಿ ಪಂಚೆ ಕಟ್ಟಿದಂತಿರುತ್ತದೆ, ಬೆಳಕು ಮುಖದ ಮೇಲೆ ಸದ್ದಿಲ್ಲದೆ ಕೂರುತ್ತದೆ, ಎಂಥ ಜಗಳಗಂಟನೂ ಸಾಧುವಾಗಿ ಕಾಣುತ್ತಾನೆ. ದಿನಾ ಇಗತಪುರಿಗೆ ಹೋಗಲಾಗದವರಿಗೆ ಉತ್ತರದ ಕಿಟಕಿಯಿದೆ. ಹಳೆಯ ಕಾಲದ ಸ್ಟುಡಿಯೋದವರು ಉತ್ತರಕ್ಕೇ ಗಾಜು ಹಾಕಿಸುತ್ತಿದ್ದರಂತೆ. ಆ ಕಡೆಯಿಂದ ಬಿಸಿಲು ನೇರ ಒಳಗೆ ನುಗ್ಗುವುದಿಲ್ಲ. ಅಜಂತಾದಲ್ಲಿ ಹಿಂದೆ ಗೈಡುಗಳು ಹೊರಗಿನ ಬಿಸಿಲನ್ನು ಕನ್ನಡಿಯಿಂದಲೋ ಬಿಳಿ ಬಟ್ಟೆಯಿಂದಲೋ ಗುಹೆಯೊಳಕ್ಕೆ ಚಿಮ್ಮಿಸಿ ಚಿತ್ರ ತೋರಿಸುತ್ತಿದ್ದರು ಎಂದು ಕೇಳಿದ್ದೇನೆ. ನಾನು ಅದೇ ಪರಂಪರೆಯವನು. ನಮ್ಮ ಅಡುಗೆಮನೆಯ ಕಿಟಕಿ ಉತ್ತರಕ್ಕಿದೆ. ಬೆಳಕು ಚಿಮ್ಮಿಸಲು ಅಪ್ಪನ ಒಗೆದ ಧೋತರವಿದೆ.

ಇಷ್ಟೆಲ್ಲ ವಿದ್ಯೆ ಉಪಯೋಗಕ್ಕೆ ಬಂದದ್ದು ಅಕ್ಕನ ಸಂಬಂಧದ ಮಾತು ನಡೆದಾಗ. ಅಕ್ಕ ಸಂಗೀತಾ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಹುಡುಗ ಶಿವಕುಮಾರ, ಬ್ಯಾಂಕಿನಲ್ಲಿದ್ದಾನೆ. ಕಲಬುರಗಿಯಿಂದ ಬಂದು ಸಂಭಾಜಿನಗರದಲ್ಲಿ ನೆಲೆಸಿದ ಮನೆ. ಇಬ್ಬರೂ ಫೋನಿನಲ್ಲಿ ಎರಡು ಸಲ ಮಾತಾಡಿದ್ದರು. ಎರಡನೆಯ ಸಲದ ನಂತರ ಅಕ್ಕ ಇಡೀ ಸಂಜೆ ನನ್ನನ್ನು ಬೈಯಲು ಮರೆತಳು. ಇದಕ್ಕಿಂತ ಗಂಭೀರ ಲಕ್ಷಣ ಇನ್ನೊಂದಿಲ್ಲ. ಮನೆಯ ಹಿರಿಯರಿಗೆ ತೋರಿಸಲು ಒಂದು ಒಳ್ಳೆಯ ಫೋಟೋ ಬೇಕು ಎಂದು ಅವರ ಕಡೆಯಿಂದ ಕೇಳಿಕೆ ಬಂತು.

ಸೋಮವಾರ, ಪೂಜೆ ಮುಗಿಸಿದ ಅಕ್ಕನನ್ನು ಕಿಟಕಿಯ ಪಕ್ಕ ಕೂರಿಸಿದೆ. ಅವ್ವ ಧೋತರ ಹಿಡಿದು ನಿಂತಳು.

"ಇನ್ನಾ ಎಷ್ಟೊತ್ತೊ? ಕೈ ಸೋತುವು. ನಿಮ್ಮಪ್ಪ ಧೋತರ ಹುಡಕ್ಲಾಕತ್ತಾರ."

ಅಕ್ಕ ಮುಖವನ್ನು ಬೋರ್ಡಿನಂತೆ ಬಿಗಿದುಕೊಂಡಿದ್ದಳು. ಅದನ್ನು ಸಡಿಲಿಸಲು ನಾನು ಅವಳ ಹೆಡ್‌ಮಾಸ್ತರರ ನಡಿಗೆ ಮಾಡಿ ತೋರಿಸಿದೆ. "ಏ ಮಂಗ್ಯಾ!" ಎಂದು ಬಾಯಿತುಂಬ ನಗುತ್ತ ಹೊಡೆಯಲು ಕೈಯೆತ್ತಿದಳು. ಕ್ಲಿಕ್ಕಿಸಿದೆ. ಅದು ಮೊದಲನೆಯದು, ಪರೀಕ್ಷೆಗೆಂದು ತೆಗೆದದ್ದು. ಆಮೇಲೆ ತೆಗೆದ ಗಂಭೀರ ಫೋಟೋಗಳಲ್ಲಿ ಒಂದನ್ನು ಆರಿಸಿ ಕಂಪ್ಯೂಟರಿನ ಮುಂದೆ ಕೆಲಸಕ್ಕೆ ಕುಳಿತೆ.

ಫೋಟೋ ಕತ್ತರಿಸುವಾಗ ಮೊಣಕೈ, ಮಣಿಕಟ್ಟುಗಳ ಮೇಲೆ ಕತ್ತರಿ ಆಡಿಸಬಾರದು. ನೋಡುವವರಿಗೆ ಅಪಘಾತವಾದಂತೆ ಅನ್ನಿಸುತ್ತದೆ. ನಾನು ಧೋತರ, ಅವ್ವನ ಕೈ, ಗ್ಯಾಸ್ ಸಿಲಿಂಡರ್ ಮೂರನ್ನೂ ನಾಜೂಕಾಗಿ ಹೊರಗಟ್ಟಿದೆ. ಉಳಿದದ್ದು ಚರ್ಮ. ಅಕ್ಕನ ಗದ್ದದ ಮೇಲೆ ಒಂದು ಗಾಯದ ಗೆರೆಯಿದೆ. ನನಗೆ ಆರು ವರ್ಷವಿದ್ದಾಗ, ಇಗತಪುರಿ ಸ್ಟೇಷನ್ನಿನ ಒದ್ದೆ ಮೆಟ್ಟಿಲ ಮೇಲೆ ಅವಳ ಕೈಯ ಮೆಕ್ಕೆಜೋಳದ ತೆನೆಗಾಗಿ ನಾನು ತಳ್ಳಿದ್ದರ ಗುರುತು. ಅದನ್ನು ಒರೆಸಿದಾಗ ಸಾಕ್ಷಿ ಅಳಿಸಿದ ಆರೋಪಿಗೆ ಆಗುವಷ್ಟು ಹಾಯೆನಿಸಿತು. ಆ ಹುಮ್ಮಸ್ಸಿನಲ್ಲಿ ಇಡೀ ಮುಖಕ್ಕೇ ನುಣುಪು ಹಚ್ಚಿ ಅಪ್ಪನ ಫೋನಿಗೆ ಹಾಕಿದೆ. ಅಪ್ಪ ನೋಡಿ "ಛಲೋ ಅದ" ಎಂದು ಸಂಭಾಜಿನಗರಕ್ಕೆ ಕಳಿಸಿದರು. ಕನ್ನಡಕ ಆಗಲೂ ಹಣೆಯ ಮೇಲೇ ಇತ್ತು.

ಮರುದಿನ ಹುಡುಗನ ತಂದೆಯ ಫೋನು. "ಫೋಟೋ ಛಲೋ ಅದರಿ. ಖರೇ, ನಮ್ಮವ್ವ ಒಂದ್ ಮಾತು ಕೇಳ್ಲಾಕತ್ತಾಳ. ಹುಡುಗಿ ಇಭೂತಿ ಹಚ್ಚಂಗಿಲ್ಲೇನ್ರಿ?"

"ಹಚ್ತಾಳ್ರಿ! ದಿನಾ ಹಚ್ತಾಳ್ರಿ!" ಎಂದು ಅಪ್ಪ ದಿಗಿಲಿನಿಂದ ಅಂದರು.

"ಇರ್ಲಿ, ಆಯ್ತಾರ ಬರ್ರಿ, ಕುಂತು ಮಾತಾಡಮು. ಅವ್ವನ ಮೊಣಕಾಲು ನಾಸಿಕ ತನಾ ಬರಂಗಿಲ್ಲ."

ನಾನು ಓಡಿಹೋಗಿ ಫೋಟೋ ನೋಡಿದೆ. ಹಣೆಯ ಮೇಲಿನ ಮೂರೂ ಬೆರಳಿನ ವಿಭೂತಿ ಮಾಯ. ನನ್ನ ನುಣುಪಿನ ಕುಂಚ ಅದನ್ನು ಚರ್ಮದ ದೋಷವೆಂದು ಬಗೆದು ಶುದ್ಧಮಾಡಿತ್ತು. ತಲೆತಲಾಂತರದಿಂದ ನಮ್ಮ ಮನೆಯವರು ಹಚ್ಚಿಕೊಂಡು ಬಂದದ್ದನ್ನು ನಾನು ಮೊಡವೆಯ ಜೊತೆ ಗುಡಿಸಿಹಾಕಿದ್ದೆ. ಹುಡುಗಿಯ ಹಣೆ ಬರಿದಾಗಿದೆ ಎಂದು ಆ ಅಜ್ಜಿ ಬೇಡವೆಂದುಬಿಟ್ಟರೆ? ಅಕ್ಕ ಬೈಯುವುದನ್ನು ಮರೆತ ಸಂಜೆ ನೆನಪಾಗಿ ಊಟ ಸೇರಲಿಲ್ಲ. ಹೇಳುವ ಧೈರ್ಯವೂ ಬರಲಿಲ್ಲ. ಎಲ್ಲರ ದನಿ ಬರುವ ನನಗೆ ನನ್ನ ದನಿಯೇ ಬರದೆ ಹೋಯಿತು.

ಭಾನುವಾರ ಕಾರಿನಲ್ಲಿ ನಾಸಿಕದಿಂದ ಸಂಭಾಜಿನಗರದವರೆಗೆ ನಾನು ಮೌನಿ. ಅವ್ವ ನನ್ನ ಹಣೆ ಮುಟ್ಟಿ ನೋಡಿ, "ಜ್ವರಾ ಏನೂ ಇಲ್ಲಲ್ಲ" ಎಂದು ಬೇಜಾರು ಮಾಡಿಕೊಂಡಳು. ಅಕ್ಕ ಕಿಟಕಿಯ ಕಡೆ ಕುಳಿತು, "ಇವತ್ತ ಯಾರ ನಕಲೂ ಇಲ್ಲೇನೊ?" ಎಂದು ಕೇಳಿದಳು. ಬೆಳಕು ಅವಳ ಒಂದು ಕೆನ್ನೆಯ ಮೇಲೆ ಎಷ್ಟು ಚೆನ್ನಾಗಿ ಬಿದ್ದಿತ್ತೆಂದರೆ, ನನಗೆ ಅಳು ಬರುವುದೊಂದು ಬಾಕಿ.

ಆ ಮನೆಯಲ್ಲಿ ಎಲ್ಲರೂ ಆಯಿ ಎಂದು ಕರೆಯುವ ಅಜ್ಜಿ ಮಂಚದ ಮೇಲೆ ಕುಳಿತಿದ್ದರು. ಹಣೆತುಂಬ ವಿಭೂತಿ. ನೀರಿನ ಲೋಟ ಕೈಗೆ ಬರುವ ಮೊದಲೇ ನಾನು ಒದರಿಬಿಟ್ಟೆ:

"ಆಯಿ, ತಪ್ಪು ನಂದದರಿ. ಅಕ್ಕ ಇಭೂತಿ ಹಚ್ಚಿದ್ಳು. ಕಂಪ್ಯೂಟರ್‌ನ್ಯಾಗ ನಾನೇ ಒರಸಿದೆ. ಗದ್ದದ ಗಾಯನೂ ಒರಸೀನಿ. ಆ ಗಾಯ ಮಾಡಿದವನೂ ನಾನೇ."

ಅಪ್ಪನ ಹುಬ್ಬು ಮೇಲೇರಿತು. ಈ ಸಲ ಎರಡೂ.

ಆಯಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಗೊತ್ತದ, ಕುಂಡ್ರು."

ಶಿವಕುಮಾರ ನಗು ತಡೆಯುತ್ತ ಫೋನು ಮುಂದೆ ಹಿಡಿದ. ಅದೇ ಮೊದಲನೆಯ ಫೋಟೋ! ಬಾಯಿತುಂಬ ನಗು, ಎತ್ತಿದ ಕೈ, ಗದ್ದದ ಗೆರೆ, ಹಣೆಯ ಮೇಲೆ ಮೂರು ಸಾಲು ವಿಭೂತಿ, ಮೂಲೆಯಲ್ಲಿ ಧೋತರ, ಅವ್ವನ ಮೊಣಕೈ, ಗ್ಯಾಸ್ ಸಿಲಿಂಡರ್. ಹಣೆಯ ವಿಷಯ ಕೇಳಿ ಫೋನು ಬಂದ ಸಂಜೆಯೇ ಅಕ್ಕ ಅದನ್ನು ನನ್ನ ಕಂಪ್ಯೂಟರಿನಿಂದ ಎತ್ತಿ ಶಿವಕುಮಾರನಿಗೆ ಕಳಿಸಿದ್ದಳಂತೆ. ಕೆಳಗೆ ಒಂದು ಸಾಲು: "ಇದು ನಾನು. ಮೊದಲು ಬಂದದ್ದು ನನ್ನ ತಮ್ಮನ ಕಲ್ಪನೆ."

"ಯಾರಿಗಿ ಹೊಡ್ಯಾಕ ಕೈ ಎತ್ಯಾಳ ಅಂತ ನೋಡದಿತ್ತು. ಇವನೇನು?" ಎಂದರು ಆಯಿ.

"ಹೌದ್ರಿ ಆಯಿ," ಎಂದಳು ಅಕ್ಕ.

"ಹೊಡೀಬೇಕಾದಂವನೇ."

ಅಂದರೆ ನಾನು ಇಷ್ಟು ದಿನ ಹಸಿದದ್ದು ವ್ಯರ್ಥ! "ನಂಗ್ಯಾಕ ಹೇಳ್ಲಿಲ್ಲ?" ಎಂದು ಅಕ್ಕನನ್ನು ಕೇಳಿದೆ. ಅವಳು ಬೆನ್ನು ಬಾಗಿಸಿ, ತುಟಿ ಜೋಲುಬಿಟ್ಟು, ತಟ್ಟೆಯ ಅನ್ನ ಕೆದಕುತ್ತ ಕುಳಿತ ನನ್ನನ್ನು ಮಾಡಿ ತೋರಿಸಿದಳು. ಎರಡೂ ಮನೆಯವರು ಬಿದ್ದು ಬಿದ್ದು ನಕ್ಕರು. ಅಪ್ಪ ಕೂಡ. ಎದೆಯ ಮೇಲಿದ್ದ ಬೇಳೆ ಮೂಟೆ ಇಳಿದಂತಾಗಿ, ನಾನು ಮೂರು ಹೋಳಿಗೆ ತಿಂದು ನಾಲ್ಕನೆಯದಕ್ಕೆ ಬೇಡವೆನ್ನುವ ನಾಟಕವಾಡಿದೆ. ಮದುವೆಯ ಮಾತು ಊಟದ ನಡುವೆಯೇ ಮುಗಿಯಿತು.

ಕೈ ತೊಳೆಯುವಾಗ ಹೊಳೆಯಿತು: ನಾನು ಅಣಕಿಸುವಾಗ ಹುಡುಕುವುದೆಲ್ಲ ನಾನು ಫೋಟೋದಲ್ಲಿ ಒರೆಸುವಂಥವೇ. ಅಪ್ಪನ ಹುಬ್ಬು, ಅಕ್ಕನ ಎತ್ತಿದ ಕೈ. ಆ ಕುಂಚವನ್ನು ಊರಿನ ಮೇಲೆಲ್ಲ ಆಡಿಸಿದರೆ ಅಣಕಿಸಲು ಒಬ್ಬರೂ ಉಳಿಯುವುದಿಲ್ಲ. ಇನ್ನು ಮುಂದೆ ಚರ್ಮಕ್ಕೆ ಕೈ ಹಚ್ಚುವುದೇ ಇಲ್ಲ ಎಂದು ಅಲ್ಲೇ ನಲ್ಲಿಯ ಮುಂದೆ ಪಣ ತೊಟ್ಟೆ.

ಆ ಪಣ ಐದು ನಿಮಿಷ ಬಾಳಿತು. ಆಯಿ ಸನ್ನೆ ಮಾಡಿ ಕರೆದರು. "ಬಾ ಇಲ್ಲಿ. ನಂದೂ ಒಂದು ತೆಗಿ. ಇಭೂತಿಗಿ ಕೈ ಹಚ್ಚಬ್ಯಾಡ." ಕಿಟಕಿಯ ಪಕ್ಕ ಕೂರಿಸಿದೆ. ಫೋಟೋ ತೆಗೆದು ತೋರಿಸಿದೆ. ಅವರು ಅದನ್ನು ಬಹಳ ಹೊತ್ತು ನೋಡಿ, ಯಾರಿಗೂ ಕೇಳದಂತೆ ಹತ್ತಿರ ಬಾಗಿ ಹೇಳಿದರು:

"ಸುಕ್ಕು ಅಷ್ಟ ತೆಗೀತೀಯೇನು?"

"ಎಲ್ಲಾ ತೆಗೀಲೇನ್ರಿ ಆಯಿ?"

ಆಯಿ ಗೋಡೆಯ ಮೇಲೆ ಹಾರ ಹಾಕಿದ್ದ ಯಜಮಾನರ ಪಟದತ್ತ ಒಮ್ಮೆ ನೋಡಿದರು.

"ಅರ್ಧ ತೆಗಿ, ಸಾಕು. ಎಲ್ಲಾ ತೆಗದ್ರ ನಾಳಿ ಅಲ್ಲಿ ಹೋದಾಗ ಅವರು ನನ್ನ ಗುರ್ತು ಹಿಡಿಯಂಗಿಲ್ಲ. ಏನೂ ತೆಗೀಲಿಲ್ಲಂದ್ರ, ಗುರ್ತು ಹಿಡದ್ರೂ ಹಿಡೀಲಾರದಂಗ ಮಾಡ್ತಾರ."

ಅಂದಿನಿಂದ ನನ್ನ ಕುಂಚ ಅರ್ಧದಲ್ಲೇ ನಿಲ್ಲುತ್ತದೆ. ಅಕ್ಕನ ಗದ್ದದ ಗೆರೆಯ ಹತ್ತಿರ ಮಾತ್ರ ಅದು ಸುಳಿಯುವುದೂ ಇಲ್ಲ. ಎಷ್ಟೆಂದರೂ ಅದು ನನ್ನದೇ ಸಹಿ.